ಸ್ಕೋರ್ ಬರೆದಿಟ್ಟರೂ ರೋಗಿಗಳು ಬೀಳುತ್ತಿದ್ದಾರೆ: ರಾತ್ರಿ ಪಾಳಿಯಲ್ಲಿ ನಾವು ಯಾವುದನ್ನು ಕಾಣುತ್ತಿಲ್ಲ?

ಪ್ರಶ್ನೆ: ಶುಶ್ರೂಷಾಧಿಕಾರಿ, ಪುರುಷರ ಮೆಡಿಕಲ್ ವಾರ್ಡ್

ಎಲ್ಲರಿಗೂ ನಮಸ್ಕಾರ. ನಾನು 30 ಹಾಸಿಗೆಗಳ ಪುರುಷರ ಮೆಡಿಕಲ್ ವಾರ್ಡಿನಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಪಾಳಿಯಲ್ಲಿ ನಾವು ಇಬ್ಬರು ಸಿಸ್ಟರ್‌ಗಳು ಮತ್ತು ಒಬ್ಬ ಗ್ರೂಪ್ ಡಿ ಸಿಬ್ಬಂದಿ ಇರುತ್ತೇವೆ. ಆ ಸಿಬ್ಬಂದಿಯೂ ಲ್ಯಾಬಿಗೆ ಸ್ಯಾಂಪಲ್ ಒಯ್ಯಲು, ಆಕ್ಸಿಜನ್ ಸಿಲಿಂಡರ್ ತರಲು ಎಂದು ಬಹಳ ಹೊತ್ತು ವಾರ್ಡಿನ ಹೊರಗೇ ಇರಬೇಕಾಗುತ್ತದೆ. ಕಳೆದ ಮೂರು ತಿಂಗಳಲ್ಲಿ ನಮ್ಮಲ್ಲಿ ನಾಲ್ವರು ರೋಗಿಗಳು ಬಿದ್ದಿದ್ದಾರೆ. ಅವರಲ್ಲಿ ಒಬ್ಬರ ಪ್ರಕರಣ ನನ್ನದೇ ಪಾಳಿಯಲ್ಲಿ ನಡೆದದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅವರಿಗೆ 72 ವರ್ಷ. ಹೃದಯ ವೈಫಲ್ಯದ ಜೊತೆಗೆ ಶ್ವಾಸಕೋಶದ ಸೋಂಕು ಇತ್ತು. ರಾತ್ರಿ 9 ಗಂಟೆಗೆ ಮೂತ್ರ ಹರಿಸುವ ಲಾಸಿಕ್ಸ್ ಮಾತ್ರೆ ಕೊಟ್ಟಿದ್ದೆವು, ಆ್ಯಂಟಿಬಯೋಟಿಕ್‌ಗಾಗಿ ಡ್ರಿಪ್ ನಡೆಯುತ್ತಿತ್ತು. ದಾಖಲಾದ ದಿನವೇ, ಬೀಳುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಮೋರ್ಸ್ ಮಾಪಕದಲ್ಲಿ ಅವರ ಸ್ಕೋರ್ 60 ಎಂದು ಬರೆದು, ಅಪಾಯದ ಗುರುತಾಗಿ ಕೈಗೆ ಹಳದಿ ಪಟ್ಟಿ ಕಟ್ಟಿ, ಮಂಚದ ಎರಡೂ ಬದಿಯ ಸೈಡ್ ರೇಲ್ ಏರಿಸಿದ್ದೆವು. ಅಂದರೆ ಕಾಗದದ ಮೇಲೆ ಏನೂ ಬಿಟ್ಟುಹೋಗಿರಲಿಲ್ಲ. ಬೆಳಗಿನ ಜಾವ 3.15ರ ಹೊತ್ತಿಗೆ ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಒಬ್ಬರಿಗೆ ನೆಬ್ಯುಲೈಸರ್ ಹಾಕುತ್ತಿದ್ದಾಗ ಡ್ರಿಪ್ ಸ್ಟ್ಯಾಂಡ್ ಉರುಳಿದ ಶಬ್ದ ಕೇಳಿತು. ಅವರು ಮಂಚದ ಕಾಲಿನ ಕಡೆ ರೇಲ್ ಇಲ್ಲದ ಜಾಗದಿಂದ ಇಳಿದು, ಬಾತ್‌ರೂಮಿನ ಕಡೆಗೆ ಐದಾರು ಹೆಜ್ಜೆ ನಡೆದು ಬಿದ್ದಿದ್ದರು. ಮಗ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಎಕ್ಸ್‌ರೇಗೆ ಕರೆದೊಯ್ಯುವಾಗ ಅವರು ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಮಗ ಹೊಲದ ಕೆಲಸ ಬಿಟ್ಟು ಬಂದು ಮೂರು ದಿನದಿಂದ ನಿದ್ದೆಗೆಟ್ಟಿದ್ದ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಒಂದಕ್ಕೆ ಹೋಗಬೇಕು ಅಂತ ಹೆಣ್ಣುಮಗಳನ್ನ ಹೇಗೆ ಕರೆಯೋದು ಸಿಸ್ಟರಮ್ಮ?”

ನಮಗೆ ಮೇಲಿನವರಿಂದ ವಿವರಣೆ ಕೇಳಿ ಮೆಮೊ ಬಂದಿದೆ. ಇನ್ನು ಮುಂದೆ ಪ್ರತಿ ಪಾಳಿಯಲ್ಲೂ ಸ್ಕೋರ್ ಬರೆಯಬೇಕು, “ರೋಗಿಯನ್ನು ಒಂಟಿಯಾಗಿ ಬಿಡುವುದಿಲ್ಲ” ಎಂದು ಮನೆಯವರಿಂದ ಸಹಿ ಪಡೆಯಬೇಕು ಎಂಬ ಸೂಚನೆಯೂ ಬಂದಿದೆ. ಇದರಿಂದ ಬೀಳುವುದು ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತಿಲ್ಲ. ಇರುವ ಸಿಬ್ಬಂದಿಯಲ್ಲೇ, ಇರುವ ಮಂಚ ಮತ್ತು ಬಾತ್‌ರೂಮುಗಳಲ್ಲೇ ನಾವು ನಿಜವಾಗಿ ಏನು ಮಾಡಬಹುದು? ಸೈಡ್ ರೇಲ್ ಏರಿಸಿದ್ದು ಸರಿಯೇ, ತಪ್ಪೇ? ಅನುಭವ ಇರುವವರು ದಯವಿಟ್ಟು ತಿಳಿಸಿ.


ಉತ್ತರ: ನಿವೃತ್ತ ಶುಶ್ರೂಷಾ ಅಧೀಕ್ಷಕಿ

ತಂಗಿ, ನೀನು ಕೊನೆಯಲ್ಲಿ ಬರೆದ ಆ ಹಿರಿಯರ ಮಾತಿನಲ್ಲೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇದೆ. ಮೂವತ್ತನಾಲ್ಕು ವರ್ಷ ವಾರ್ಡುಗಳಲ್ಲಿ ಕಳೆದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ನಮ್ಮ ರೋಗಿಗಳಲ್ಲಿ ಬಹಳ ಮಂದಿ ಬೀಳುವುದು ಮೂತ್ರಕ್ಕೆ ಹೋಗುವ ಹಾದಿಯಲ್ಲಿ, ಮತ್ತು ಅವರನ್ನು ಒಂಟಿಯಾಗಿ ಆ ಹಾದಿಗೆ ಇಳಿಸುವುದು ದಾಕ್ಷಿಣ್ಯ. ದಾಕ್ಷಿಣ್ಯವನ್ನು ಅಳೆಯುವ ಅಂಕಣ ಯಾವ ಮಾಪಕದಲ್ಲೂ ಇಲ್ಲ.

ಮೊದಲು ಸ್ಕೋರಿನ ವಿಷಯ. ಮೋರ್ಸ್ ಮಾಪಕ 1989ರಲ್ಲಿ ಪ್ರಕಟವಾದದ್ದು. ಅದರಲ್ಲಿ ಹಿಂದೆ ಬಿದ್ದ ಇತಿಹಾಸಕ್ಕೆ 25, ಎರಡನೇ ಕಾಯಿಲೆಗೆ 15, ಡ್ರಿಪ್ ಅಥವಾ ಕ್ಯಾನುಲಾಗೆ (ರಕ್ತನಾಳದಲ್ಲಿ ಇಟ್ಟಿರುವ ಕೊಳವೆ) 20 ಅಂಕಗಳಿದ್ದು, ಊರುಗೋಲು ಹಿಡಿಯುವುದು, ನಡಿಗೆಯ ಬಲ, ತನ್ನ ಶಕ್ತಿಯ ಬಗ್ಗೆ ರೋಗಿಗೆ ಇರುವ ಅರಿವು ಇವುಗಳನ್ನೂ ಸೇರಿಸಿ ಒಟ್ಟು 125ಕ್ಕೆ ಲೆಕ್ಕ ಹಾಕುತ್ತೇವೆ. ನಿಮ್ಮವರಿಗೆ 60 ಬಂದದ್ದು ಸರಿಯಾಗಿಯೇ ಇದೆ: ಎರಡನೇ ಕಾಯಿಲೆಗೆ 15, ಡ್ರಿಪ್‌ಗೆ 20, ಊರುಗೋಲಿಗೆ 15, ನಿಶ್ಶಕ್ತಿಯ ನಡಿಗೆಗೆ 10 ಎಂದು ಹಾಕಿರುತ್ತೀರಿ. ಆದರೆ 60 ಎಂದು ಬರೆದ ಮೇಲೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ನಾಲ್ಕರಲ್ಲಿ ಯಾವುದನ್ನು ಈ ರಾತ್ರಿಯೇ ಬದಲಿಸಬಹುದು? ಡ್ರಿಪ್ ಇಡೀ ರಾತ್ರಿ ಹರಿಯಬೇಕಿತ್ತೇ, ಅಥವಾ ಔಷಧ ಮುಗಿದ ಕೂಡಲೇ ಕಳಚಿ ಕ್ಯಾನುಲಾ ಮುಚ್ಚಿಡಬಹುದಿತ್ತೇ? ಕಳಚಿದರೂ ಮಾಪಕದಲ್ಲಿ 20 ಅಂಕ ಹಾಗೆಯೇ ಉಳಿಯುತ್ತದೆ ನಿಜ. ಆದರೆ ಒಂದು ಚಕ್ರ ತಿರುಗದ ಆ ಸ್ಟ್ಯಾಂಡನ್ನು ಕತ್ತಲಲ್ಲಿ ಎಳೆದುಕೊಂಡು ಹೋಗುವ ಕಷ್ಟ ಅವರಿಗೆ ತಪ್ಪುತ್ತಿತ್ತು. ಊರುಗೋಲು ಎಲ್ಲಿತ್ತು? ಎಷ್ಟೋ ಸಲ ಅದನ್ನು ಬಾಗಿಲ ಹಿಂದೆ ಅಥವಾ ಮಂಚದ ಕೆಳಗೆ ನಾವೇ ಇಟ್ಟಿರುತ್ತೇವೆ.

ಇನ್ನು ಲಾಸಿಕ್ಸ್. ಬಾಯಿಯಿಂದ ಕೊಟ್ಟ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಆರರಿಂದ ಎಂಟು ಗಂಟೆಯವರೆಗೆ ಮೂತ್ರ ಹರಿಸುತ್ತದೆ. ರಾತ್ರಿ 9ಕ್ಕೆ ಕೊಟ್ಟರೆ ಬೆಳಗಿನ ಜಾವ 3ರವರೆಗೂ ಅವರು ಏಳಲೇಬೇಕು. ಎರಡನೇ ಡೋಸನ್ನು ಮಧ್ಯಾಹ್ನ 2 ಅಥವಾ 3 ಗಂಟೆಗೆ ಬದಲಿಸಲು ಸಾಧ್ಯವೇ ಎಂದು ರೌಂಡ್ಸಿನಲ್ಲಿ ಡಾಕ್ಟರನ್ನು ಕೇಳುವುದು ಸಿಸ್ಟರ್ ಕೆಲಸವೇ. ನಾನು ಕೇಳಿದಾಗ ಬಹಳಷ್ಟು ಡಾಕ್ಟರುಗಳು ಒಪ್ಪಿದ್ದಾರೆ, ಒಪ್ಪದವರು ಕಾರಣ ಹೇಳಿದ್ದಾರೆ. ಆರ್ಡರ್ ಶೀಟಿನಲ್ಲಿ “ದಿನಕ್ಕೆ ಎರಡು ಬಾರಿ” ಎಂದಷ್ಟೇ ಇದ್ದಾಗ ಅದನ್ನು ಬೆಳಿಗ್ಗೆ 9, ರಾತ್ರಿ 9 ಎಂದು ಮಾಡಿದವರು ಅನೇಕ ಕಡೆ ನಾವೇ, ನಮ್ಮ ಔಷಧದ ಟ್ರಾಲಿಯ ಅನುಕೂಲಕ್ಕಾಗಿ.

ಈಗ ರಾತ್ರಿಯ ಸುತ್ತು. “ಏನಾದರೂ ಬೇಕೇ?” ಎಂದು ಕೇಳಿದರೆ ನಮ್ಮ ಜನ “ಏನೂ ಬೇಡ ಸಿಸ್ಟರ್” ಎಂದೇ ಹೇಳುತ್ತಾರೆ. “ಮೂತ್ರಕ್ಕೆ ಹೋಗಬೇಕೇ?” ಎಂದರೂ ಬೇಡ ಎನ್ನುತ್ತಾರೆ, ನೀವು ಆ ಕಡೆ ತಿರುಗಿದ ಮೇಲೆ ಏಳುತ್ತಾರೆ. ನಾನು ನನ್ನ ಕೈಕೆಳಗಿನ ಹುಡುಗಿಯರಿಗೆ ಕಲಿಸಿದ ಮಾತು, “ಏಳಿ ಅಜ್ಜ, ಹೋಗಿ ಬರೋಣ, ಆಮೇಲೆ ನಿಶ್ಚಿಂತೆಯಿಂದ ಮಲಗಬಹುದು” ಎಂಬುದು. ಕರೆಯುವ ಭಾರವನ್ನು ಅವರ ಮೇಲಿಂದ ತೆಗೆದು ನಾವು ಹೊತ್ತುಕೊಂಡರೆ ದಾಕ್ಷಿಣ್ಯಕ್ಕೆ ಅವಕಾಶವೇ ಇರುವುದಿಲ್ಲ. ಮಲಗುವ ಮುಂಚೆ 9.30ಕ್ಕೆ, ನಡುರಾತ್ರಿ 12.30ಕ್ಕೆ, 3ಕ್ಕೆ ಸ್ವಲ್ಪ ಮುಂಚೆ, ಮತ್ತೆ 5ಕ್ಕೆ ಎಂದು ನಾಲ್ಕು ಸುತ್ತು ಇಟ್ಟುಕೊಳ್ಳಿ. ಮೂವತ್ತೂ ಜನರನ್ನು ಎಬ್ಬಿಸಬೇಕಾಗಿಲ್ಲ. ಮೂತ್ರದ ಮಾತ್ರೆ ತೆಗೆದುಕೊಂಡವರು, ಭೇದಿ ಇರುವವರು, ಪ್ರಾಸ್ಟೇಟ್ ತೊಂದರೆ ಇರುವವರು, ಅಂದೇ ಮೂತ್ರದ ನಳಿಕೆ (ಕ್ಯಾತಿಟರ್) ತೆಗೆಸಿಕೊಂಡವರು ಎಂದು ಲೆಕ್ಕ ಹಾಕಿದರೆ ಒಂದು ರಾತ್ರಿಗೆ ಐದಾರು ಜನ ಸಿಗುತ್ತಾರೆ. ಅವರ ಮಂಚಗಳನ್ನು ನಿಮ್ಮ ಟೇಬಲ್‌ನಿಂದ ಕಾಣುವ ಸಾಲಿಗೆ ತಂದುಕೊಳ್ಳಿ. ನಡೆಯಲಾಗದವರಿಗೆ ಯೂರಿನ್ ಕ್ಯಾನನ್ನು ಮಂಚದ ಕೆಳಗಲ್ಲ, ಕೈಗೆ ಎಟುಕುವಲ್ಲಿ ನೇತುಹಾಕಿ. ಗಂಡಸರಿಗೆ ಹೆಣ್ಣುಮಕ್ಕಳ ಎದುರು ಮುಜುಗರ ಆಗುತ್ತದೆ ಎಂಬುದು ನಿಜ. ಪರದೆ ಎಳೆದು, ಕ್ಯಾನ್ ಕೈಗೆ ಕೊಟ್ಟು, “ನಾನು ಪರದೆಯ ಆಚೆ ನಿಂತಿದ್ದೇನೆ, ಮುಗಿದ ಮೇಲೆ ಹೇಳಿ” ಎಂದರೆ ಸಾಕು. ಸಾಧ್ಯವಿದ್ದರೆ ಸ್ಯಾಂಪಲ್ ಒಯ್ಯುವ ಕೆಲಸವನ್ನು ಆ ಸುತ್ತಿನ ಹೊತ್ತಿಗೆ ಇಟ್ಟುಕೊಳ್ಳದೆ, ಗ್ರೂಪ್ ಡಿ ಅಣ್ಣನನ್ನು ನಿಮ್ಮ ಜೊತೆಗಿಟ್ಟುಕೊಳ್ಳಿ.

ಸೈಡ್ ರೇಲ್ ಬಗ್ಗೆ ಕೇಳಿದ್ದೀಯ. ಎಚ್ಚರ ಇಲ್ಲದವರಿಗೆ, ಟ್ರಾಲಿಯಲ್ಲಿ ಸಾಗಿಸುವಾಗ, ಆಪರೇಷನ್ ಆಗಿ ಬಂದ ಕೂಡಲೇ ಅದು ಬೇಕು. ಎದ್ದು ನಡೆಯಬಲ್ಲ, ಆದರೆ ಗೊಂದಲದಲ್ಲಿರುವ ಅಥವಾ ಅವಸರದಲ್ಲಿರುವ ರೋಗಿಗೆ ಎರಡೂ ಕಡೆ ರೇಲ್ ಏರಿಸಿದರೆ ಅವರು ಅದನ್ನು ಹತ್ತಿ ದಾಟುತ್ತಾರೆ, ಇಲ್ಲವೇ ನಿಮ್ಮವರಂತೆ ಕಾಲಿನ ಕಡೆ ಜಾರುತ್ತಾರೆ. ಆಗ ಬೀಳುವ ಎತ್ತರವೂ ಹೆಚ್ಚು, ಪೆಟ್ಟೂ ಹೆಚ್ಚು. ಅಂಥವರಿಗೆ ಗೋಡೆಯ ಕಡೆ ರೇಲ್ ಏರಿಸಿ, ಇಳಿಯುವ ಕಡೆ ತಲೆಭಾಗದ ಅರ್ಧ ರೇಲನ್ನು ಮಾತ್ರ ಹಿಡಿದು ಏಳಲು ಬಿಡುವುದು ಒಳ್ಳೆಯದು. ಮಂಚ ತಗ್ಗಿಸಲು ಬರುವುದಾದರೆ ಕುಳಿತಾಗ ಪಾದ ಪೂರ್ತಿಯಾಗಿ ನೆಲಕ್ಕೆ ತಾಗುವಷ್ಟು ತಗ್ಗಿಸಿ. ನಮ್ಮ ಹಳೆಯ ಕಬ್ಬಿಣದ ಮಂಚಗಳು ತಗ್ಗುವುದಿಲ್ಲವಾದ್ದರಿಂದ ಮೆಟ್ಟಿಲು ಸ್ಟೂಲ್ ಇಡುತ್ತೇವೆ; ಅದರ ಕಾಲಿನ ರಬ್ಬರ್ ಬೂಚು ಸವೆದಿದ್ದರೆ ಅದೇ ರೋಗಿಯನ್ನು ಬೀಳಿಸುತ್ತದೆ. ನಾಳೆ ಬೆಳಿಗ್ಗೆಯೇ ವಾರ್ಡಿನ ಎಲ್ಲಾ ಸ್ಟೂಲುಗಳನ್ನು ತಿರುಗಿಸಿ ನೋಡು. ನಾನು ಹಾಗೆ ನೋಡಿದ ದಿನ ಹನ್ನೊಂದರಲ್ಲಿ ಏಳಕ್ಕೆ ಬೂಚು ಇರಲಿಲ್ಲ.

ಸಿಬ್ಬಂದಿ ಸಾಲದು ಎಂಬುದನ್ನೂ ಮರೆಮಾಚಬೇಕಾಗಿಲ್ಲ.  ನೀವು 30 ಜನರಿಗೆ ಇಬ್ಬರಿದ್ದೀರಿ. ಮೆಮೊಗೆ ಬರೆಯುವ ವಿವರಣೆಯಲ್ಲಿ ಆ ಹೊತ್ತಿಗೆ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ಗಂಟೆ, ನಿಮಿಷದ ಸಮೇತ ಬರೆ. ಅದು ನೆಪ ಹೇಳಿದಂತಲ್ಲ, ನಡೆದದ್ದನ್ನು ನಡೆದಂತೆ ಬರೆದದ್ದು.


ಉತ್ತರ: ವೃದ್ಧರ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯ

ಮೇಡಂ ಬರೆದದ್ದಕ್ಕೆ ವೈದ್ಯರ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ, ಏಕೆಂದರೆ ಬಿದ್ದದ್ದಕ್ಕೆ ಮೆಮೊ ಸಿಸ್ಟರ್‌ಗಳಿಗೆ ಮಾತ್ರ ಹೋಗುತ್ತದೆ, ಆದರೆ ಬೀಳಿಸುವ ಮಾತ್ರೆಯನ್ನು ಬರೆದವರು ನಾವಾಗಿರುತ್ತೇವೆ.

ಸ್ಕೋರಿನ ಬಗ್ಗೆ ನಿಮಗಿರುವ ಅನುಮಾನ ಸರಿಯಾಗಿದೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿಯೇ, ಆಸ್ಪತ್ರೆಯಲ್ಲಿ ಯಾರು ಬೀಳುತ್ತಾರೆ ಎಂದು ಅಂಕ ಹಾಕಿ ಊಹಿಸುವ ಮಾಪಕಗಳನ್ನು ಬಳಸಬೇಡಿ, 65 ದಾಟಿದ ಎಲ್ಲಾ ಒಳರೋಗಿಗಳೂ ಅಪಾಯದಲ್ಲಿದ್ದಾರೆ ಎಂದೇ ತಿಳಿದು ಪ್ರತಿಯೊಬ್ಬರಲ್ಲೂ ಸರಿಪಡಿಸಬಹುದಾದ ಕಾರಣವನ್ನು ಹುಡುಕಿ ಎಂದು ಹೇಳಿತು. ಆಸ್ಟ್ರೇಲಿಯಾದ ಆರು ಆಸ್ಪತ್ರೆಗಳ 24 ವಾರ್ಡುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಪಾಯದ ಮಾಪಕ, ಎಚ್ಚರಿಕೆಯ ಫಲಕ, ತಗ್ಗು ಮಂಚ, ಮಂಚದ ಅಲಾರಂ ಮುಂತಾದವುಗಳನ್ನು ಒಟ್ಟಿಗೆ ಬಳಸಿದರೂ ಬೀಳುವವರ ಪ್ರಮಾಣ ಕಡಿಮೆಯಾಗಲಿಲ್ಲ. ಅದಕ್ಕೆ ಪ್ರತಿಯಾಗಿ, ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ 14 ವಾರ್ಡುಗಳಲ್ಲಿ ಸಿಸ್ಟರ್‌ಗಳು ರೋಗಿ ಮತ್ತು ಮನೆಯವರ ಜೊತೆ ಕುಳಿತು, “ನಿಮಗೆ ಬೀಳುವ ಅಪಾಯ ಇರುವುದು ಈ ಕಾರಣಕ್ಕೆ, ಅದಕ್ಕಾಗಿ ನಾವು ಹೀಗೆ ಮಾಡೋಣ” ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಯೋಜನೆ ಮಾಡಿ ಮಂಚದ ಪಕ್ಕದಲ್ಲೇ ತೂಗುಹಾಕಿದಾಗ, ಬೀಳುವುದು ಶೇ 15ರಷ್ಟು, ಪೆಟ್ಟಾಗುವಂತೆ ಬೀಳುವುದು ಶೇ 34ರಷ್ಟು ಕಡಿಮೆಯಾಯಿತು ಎಂದು 2020ರಲ್ಲಿ ವರದಿಯಾಗಿದೆ. ಫಲಕ ತೂಗುಹಾಕುವುದು ಎರಡರಲ್ಲೂ ಇತ್ತು. ಎರಡನೆಯದರಲ್ಲಿ ರೋಗಿಯೇ ಯೋಜನೆ ಮಾಡುವವರ ಜೊತೆಗಿದ್ದ.

ವಾರ್ಡಿನಲ್ಲಿ ಇಂದೇ ಶುರು ಮಾಡಬಹುದಾದದ್ದು ಮಲಗಿದಾಗ ಮತ್ತು ನಿಂತಾಗ ಬಿ.ಪಿ. ನೋಡುವುದು. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಆ ರೋಗಿ ರಾತ್ರಿ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವ ಸಂಭವ ಹೆಚ್ಚು. ಚಾರ್ಟಿನಲ್ಲಿ ನಾವು ಬರೆಯುವ ಬಿ.ಪಿ. ಎಲ್ಲವೂ ಮಲಗಿದ್ದಾಗ ನೋಡಿದ್ದಾಗಿರುವುದರಿಂದ ಈ ಇಳಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಇಳಿತ ಕಂಡರೆ ನಮಗೆ ಹೇಳಿ; ಪ್ರಾಸ್ಟೇಟಿಗೆಂದು ಕೊಡುವ ಟ್ಯಾಮ್ಸುಲೋಸಿನ್, ಬಿ.ಪಿ.ಗೆಂದು ಕೊಡುವ ಪ್ರಾಜೋಸಿನ್, ನೋವಿಗೋ ನಿದ್ರೆಗೋ ಕೊಟ್ಟಿರುವ ಅಮಿಟ್ರಿಪ್ಟಿಲಿನ್ ಇವುಗಳನ್ನು ನಾವು ಮರುಪರಿಶೀಲಿಸಬೇಕಾಗುತ್ತದೆ. ವಾರ್ಡ್ ಶಾಂತವಾಗಿರಲಿ ಎಂದು ವಯಸ್ಸಾದವರಿಗೆ ಮಂಪರು ತರುವ ಅಲ್ಪ್ರಜೋಲಾಮ್ ಬರೆಸಿಕೊಳ್ಳುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಕೇಳಬೇಡಿ, ನಾವಾಗಿಯೇ ಬರೆದರೂ ಪ್ರಶ್ನಿಸಿ. ರಾತ್ರಿ ಊಟ ಮಾಡದವರಿಗೆ ಇನ್ಸುಲಿನ್ ಕೊಟ್ಟಿದ್ದರೆ ಬೆಳಗಿನ ಜಾವ 3ಕ್ಕೆ ಒಮ್ಮೆ ಸಕ್ಕರೆ ನೋಡುವುದೂ ಬೀಳುವುದನ್ನು ತಪ್ಪಿಸುವ ಆರೈಕೆಯೇ.

ಸನ್ನಿಯ ಬಗ್ಗೆ ಒಂದು ಮಾತು. ಹಗಲು ಚೆನ್ನಾಗಿ ಮಾತನಾಡಿದ ಹಿರಿಯರು ಸಂಜೆಯಾಗುತ್ತಲೇ “ಹಸುಗೆ ಹುಲ್ಲು ಹಾಕಬೇಕು, ಮನೆಗೆ ಹೋಗ್ತೀನಿ” ಎಂದು ಎದ್ದರೆ ಅದು ಹಟವಲ್ಲ. ಸೋಂಕು, ಮಲಬದ್ಧತೆ, ಕಟ್ಟಿದ ಮೂತ್ರ, ನೋವು, ಔಷಧ ಇವುಗಳಲ್ಲಿ ಯಾವುದೋ ಒಂದು ಮಿದುಳನ್ನು ಕಲಕಿದೆ ಎಂದರ್ಥ. ಓದು ಬರಹ ಬಾರದವರಿಗೂ ನಾನು ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸುತ್ತೇನೆ. ನಿನ್ನೆ ಹೇಳಿದವರು ಇಂದು ತಡವರಿಸಿದರೆ ಕೈಕಾಲು ಕಟ್ಟುವ ಮೊದಲು ಕಾರಣ ಹುಡುಕಬೇಕು. ಕಟ್ಟಿದವರು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ.


ಉತ್ತರ: ರೋಗಿಯೊಬ್ಬರ ಮಗಳು

ನಾನು ನರ್ಸ್ ಅಲ್ಲ. ಇಲ್ಲಿ ಬರೆಯಬಹುದೇ ಎಂದು ಯೋಚಿಸಿ, ಸಹಿ ಪಡೆಯುವ ಮಾತು ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಎರಡು ವರ್ಷದ ಹಿಂದೆ ನಮ್ಮ ಅಮ್ಮನನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದಾಗ ನನ್ನಿಂದಲೂ ಅಂಥದ್ದೇ ಕಾಗದಕ್ಕೆ ಸಹಿ ಪಡೆದರು. ಅದರಲ್ಲಿ ಏನು ಬರೆದಿದೆ ಎಂದು ನಾನು ಓದಲಿಲ್ಲ, ಅವರೂ ಹೇಳಲಿಲ್ಲ. ಅಡ್ಮಿಷನ್ ಹೊತ್ತಿಗೆ ಹತ್ತಾರು ಕಾಗದಗಳಿದ್ದವು. ಮೂರನೇ ದಿನ ಬೆಳಿಗ್ಗೆ 6 ಗಂಟೆಗೆ ನಾನು ಕಾಫಿ ತರಲು ಕೆಳಗೆ ಹೋಗಿದ್ದಾಗ ಅಮ್ಮ ತಾವೇ ಎದ್ದು ಬಾತ್‌ರೂಮಿಗೆ ಹೋದರು. ಆಸ್ಪತ್ರೆಗೆಂದು ನಾನೇ ಹೊಸದಾಗಿ ಕೊಂಡುಕೊಟ್ಟಿದ್ದ ಹವಾಯಿ ಚಪ್ಪಲಿ ಅವರ ಕಾಲಿಗಿಂತ ದೊಡ್ಡದಾಗಿತ್ತು. ಬಾತ್‌ರೂಮಿನ ಬಾಗಿಲಿಗೆ ನೀರು ಹೊರಗೆ ಬಾರದಂತೆ ಎರಡು ಬೆರಳಷ್ಟು ಎತ್ತರದ ಹೊಸ್ತಿಲು ಇತ್ತು. ಆಗತಾನೆ ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದರಿಂದ ಬಾಗಿಲು ಹಿಡಿಯಲು ಅವರಿಗೆ ಒಂದೇ ಕೈ ಉಳಿದಿತ್ತು. ಮಣಿಕಟ್ಟು ಮುರಿಯಿತು, ಹಣೆಗೆ ಐದು ಹೊಲಿಗೆ ಬಿದ್ದವು.

ಮರುದಿನ ಬಂದ ಒಬ್ಬ ಸಿಸ್ಟರ್ ಐದು ನಿಮಿಷ ಕುಳಿತು ನನಗೆ ಹೇಳಿಕೊಟ್ಟರು. ಅಮ್ಮನಿಗೆ ಅಳತೆಗೆ ಸರಿಯಾದ, ಹಿಂದೆ ಪಟ್ಟಿ ಇರುವ ಚಪ್ಪಲಿ ತರಬೇಕು. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಸೀರೆಯ ಬದಲು ಪಾದ ಮುಟ್ಟದ ನೈಟಿ ಹಾಕಿಸಬೇಕು. ಎಬ್ಬಿಸಿದ ಕೂಡಲೇ ನಡೆಸದೆ ಮಂಚದ ಅಂಚಿನಲ್ಲಿ ಕೂರಿಸಿ ನಿಧಾನವಾಗಿ ಇಪ್ಪತ್ತು ಎಣಿಸಬೇಕು. ನಾನು ಕೆಳಗೆ ಹೋಗುವುದಾದರೆ ಮೊದಲು ಅಮ್ಮನನ್ನು ಬಾತ್‌ರೂಮಿಗೆ ಕರೆದೊಯ್ದು, ಆಮೇಲೆ “ಸಿಸ್ಟರ್, ನಾನು ಹತ್ತು ನಿಮಿಷ ಇರುವುದಿಲ್ಲ” ಎಂದು ತಿಳಿಸಿ ಹೋಗಬೇಕು. ಇದನ್ನೇ ಮೊದಲ ದಿನ ಹೇಳಿದ್ದರೆ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ದಯವಿಟ್ಟು ಸಹಿ ಪಡೆಯುವ ಮುಂಚೆ ಈ ಮಾತುಗಳನ್ನು ಹೇಳಿ. ಚಾಪೆಯ ಮೇಲೆ ಮಲಗಿದ ಮಗನೂ ಮನುಷ್ಯನೇ, ಮೂರು ರಾತ್ರಿ ಎಚ್ಚರ ಇರಲು ಯಾರಿಗೂ ಆಗುವುದಿಲ್ಲ.


ಉತ್ತರ: ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ಸ್ಟಾಫ್ ನರ್ಸ್

ನಾನು ಹಾಸನದ ಕಡೆಯವಳು, ಇಲ್ಲಿನ ಸರ್ಕಾರಿ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿದ್ದೇನೆ. ಇಲ್ಲಿಯೂ ಅಜ್ಜಿಯರು “ನಿಮಗೆ ಬಹಳ ಕೆಲಸ ಇತ್ತು, ತೊಂದರೆ ಕೊಡಬಾರದು ಅಂದುಕೊಂಡೆ” ಎಂದೇ ಹೇಳುತ್ತಾರೆ, ಆದ್ದರಿಂದ ಮೇಡಂ ಹೇಳಿದ ದಾಕ್ಷಿಣ್ಯ ನಮ್ಮ ಊರಿಗೆ ಮಾತ್ರ ಸೀಮಿತವಾದದ್ದಲ್ಲ. ಬೀಳುವ ಅಪಾಯ ಹೆಚ್ಚಿರುವ ನಾಲ್ಕಾರು ಜನರನ್ನು ವಾರ್ಡಿನ ಒಂದೇ ಭಾಗದಲ್ಲಿ ಮಲಗಿಸಿ, ಅಲ್ಲಿ ಯಾವಾಗಲೂ ಒಬ್ಬರು ಇರುವಂತೆ ನೋಡಿಕೊಳ್ಳುವ ಕ್ರಮ ಇಲ್ಲಿದೆ. ಆ ಒಬ್ಬರು ಹೊರಗೆ ಹೋಗಬೇಕಾದರೆ ಇನ್ನೊಬ್ಬರು ಬಂದು ನಿಂತ ಮೇಲೆಯೇ ಹೋಗುತ್ತಾರೆ. ಚಾರ್ಟ್ ಬರೆಯುವುದು ಕೂಡ ಅಲ್ಲೇ ಕುಳಿತು. ನಿಮ್ಮಲ್ಲಿ ಇಬ್ಬರಿದ್ದರೂ ಬರವಣಿಗೆಯನ್ನು ಟೇಬಲ್‌ನಿಂದ ಆ ಸಾಲಿಗೆ ಸಾಗಿಸಬಹುದು.

ನಾನು ಮುಖ್ಯವಾಗಿ ಬರೆಯಬೇಕೆಂದದ್ದು ಬಿದ್ದ ಮೇಲಿನ ಮೊದಲ ಐದು ನಿಮಿಷದ ಬಗ್ಗೆ. ನಮ್ಮ ಊರಿನ ಕಡೆ ಯಾರಾದರೂ ಬಿದ್ದರೆ ಅಕ್ಕಪಕ್ಕದವರೆಲ್ಲ ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿ ಮಂಚಕ್ಕೆ ಹಾಕಿಬಿಡುತ್ತಾರೆ. ಅದು ಪ್ರೀತಿಯಿಂದ ಮಾಡುವುದೇ ಆದರೂ, ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ. ಎತ್ತುವ ಮೊದಲು ಎಚ್ಚರ ಇದೆಯೇ, ಕುತ್ತಿಗೆ ನೋವಿದೆಯೇ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆಯೇ ಎಂದು ನೆಲದ ಮೇಲೆಯೇ ನೋಡಬೇಕು, ಕುತ್ತಿಗೆ ನೋವಿಲ್ಲದಿದ್ದರೆ ಮಾತ್ರ ತಲೆದಿಂಬು ಕೊಟ್ಟು, ಹೊದಿಸಿ ಡಾಕ್ಟರನ್ನು ಕರೆಯಬೇಕು. ಸೊಂಟದ ಮುರಿತದ ಅನುಮಾನ ಇದ್ದರೆ ಹಲಗೆ ಅಥವಾ ಸ್ಟ್ರೆಚರ್ ಜಾರಿಸಿ ಮಟ್ಟವಾಗಿ ಎತ್ತಬೇಕು. ತಲೆಗೆ ಪೆಟ್ಟಾಗಿದ್ದರೆ, ಅಥವಾ ಬಿದ್ದದ್ದನ್ನು ಯಾರೂ ನೋಡಿಲ್ಲವಾದರೆ, ಮೊದಲ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಮುಂದಿನ ನಾಲ್ಕು ಗಂಟೆ ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ಎಚ್ಚರದ ಮಟ್ಟ ಮತ್ತು ಕಣ್ಣಿನ ಪಾಪೆ ನೋಡುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಚೆನ್ನಾಗಿ ಮಾತನಾಡುತ್ತಿದ್ದರೂ ಅದನ್ನು ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಬೇಕು.

ಇನ್ನೊಂದು ವಿಷಯ. ಬಿದ್ದವರನ್ನು ಆಮೇಲೆ “ಏಳಲೇಬೇಡಿ” ಎಂದು ಮಲಗಿಸಿಬಿಡುತ್ತೇವೆ. ವಾರದಲ್ಲಿ ತೊಡೆಯ ಬಲ ಹೋಗುತ್ತದೆ, ಮುಂದಿನ ಸಲ ಎದ್ದಾಗ ಖಂಡಿತ ಬೀಳುತ್ತಾರೆ. ಹಗಲಿನಲ್ಲಿ ಕೈಹಿಡಿದು ನಡೆಸಿದವರೇ ರಾತ್ರಿ ಕ್ಷೇಮವಾಗಿರುತ್ತಾರೆ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಸ್ಟೂಲುಗಳನ್ನು ತಿರುಗಿಸಿ ನೋಡಿದೆವು, ಒಂಬತ್ತರಲ್ಲಿ ನಾಲ್ಕಕ್ಕೆ ಬೂಚು ಇರಲಿಲ್ಲ; ಸ್ಟೋರಿನಿಂದ ಬರುವುದು ತಡವೆಂದು ಸಹೋದ್ಯೋಗಿಯೊಬ್ಬರು ತಾವೇ ಹಾರ್ಡ್‌ವೇರ್ ಅಂಗಡಿಯಿಂದ ತಂದರು. ಲಾಸಿಕ್ಸ್ ಎರಡನೇ ಡೋಸನ್ನು ಮಧ್ಯಾಹ್ನ 3ಕ್ಕೆ ಬದಲಿಸಲು ಘಟಕದ ವೈದ್ಯರು ಒಪ್ಪಿದ್ದಾರೆ. 3 ಗಂಟೆಯ ಸುತ್ತಿಗೆ ಹೋದಾಗ ಹಾಸಿಗೆ ಸಂಖ್ಯೆ 14ರವರು ಕಾಲು ಇಳಿಬಿಟ್ಟು ಕುಳಿತು, ಮಗನನ್ನು ಎಬ್ಬಿಸುವುದೋ ಬೇಡವೋ ಎಂದು ನೋಡುತ್ತಿದ್ದರು. ಒಂದೇ ರಾತ್ರಿಯಲ್ಲಿ ಹೀಗೆ ಇಬ್ಬರು ಸಿಕ್ಕರು. ಮೊದಲೆಲ್ಲ ಇವರು ನಮಗೆ ಕಾಣದಂತೆ ಹೋಗಿ ಬರುತ್ತಿದ್ದರು ಎಂಬುದು ಆಗ ತಿಳಿಯಿತು.

ಈಗ ಗುಣಮಟ್ಟ ಸಮಿತಿಯವರು ನಮ್ಮ ವಾರ್ಡಿನ ಬೀಳುವ ಪ್ರಮಾಣ ಎಷ್ಟೆಂದು ಕೇಳಿದ್ದಾರೆ. ಇದನ್ನು ಲೆಕ್ಕ ಹಾಕುವುದು ಹೇಗೆ? ಮೂರು ತಿಂಗಳಲ್ಲಿ ನಾಲ್ಕು ಎಂಬುದು ಹೆಚ್ಚೋ ಕಡಿಮೆಯೋ?


ಉತ್ತರ: ನಿವೃತ್ತ ಶುಶ್ರೂಷಾ ಅಧೀಕ್ಷಕಿ

ಬಿದ್ದವರ ಸಂಖ್ಯೆಯನ್ನು ಅದೇ ಅವಧಿಯ ಒಟ್ಟು ರೋಗಿ-ದಿನಗಳಿಂದ ಭಾಗಿಸಿ 1,000ದಿಂದ ಗುಣಿಸಬೇಕು. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೂ ಇದೇ ಲೆಕ್ಕ. ನಿಮ್ಮಲ್ಲಿ ದಿನಕ್ಕೆ ಸರಾಸರಿ 28 ರೋಗಿಗಳಿದ್ದರು ಎಂದುಕೊಂಡರೆ 90 ದಿನಕ್ಕೆ 2,520 ರೋಗಿ-ದಿನಗಳು. ನಾಲ್ವರು ಬಿದ್ದರೆ ಸಾವಿರಕ್ಕೆ ಸುಮಾರು 1.6 ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇದು ಸಾವಿರಕ್ಕೆ 3ರಿಂದ 5 ಇರುತ್ತದೆ ಎನ್ನುತ್ತಾರೆ. ಅಲ್ಲಿಗಿಂತ ನಿಮ್ಮಲ್ಲಿ ಸಿಬ್ಬಂದಿ ಕಡಿಮೆ, ಮಂಚ ಎತ್ತರ, ಬಾತ್‌ರೂಮು ದೂರ. ಹಾಗಿದ್ದೂ ಅದಕ್ಕಿಂತ ಇಷ್ಟು ಕಡಿಮೆ ಬಂದರೆ ನಾನು ಸಂತೋಷಪಡುವ ಬದಲು ಒಂದು ಪ್ರಶ್ನೆ ಕೇಳುತ್ತೇನೆ: ಬಿದ್ದು ಪೆಟ್ಟಾಗದೆ ಎದ್ದವರನ್ನು, ಗೋಡೆಗೆ ಒರಗಿ ನೆಲಕ್ಕೆ ಜಾರಿ ಕುಳಿತವರನ್ನು ನೀವು ಪುಸ್ತಕದಲ್ಲಿ ಬರೆಯುತ್ತಿದ್ದೀರಾ? ಮೆಮೊ ಬರುವ ಕಡೆ ಅವು ದಾಖಲಾಗುವುದಿಲ್ಲ. ಸಮಿತಿಯವರಿಗೆ ಅಂಕಿಯ ಜೊತೆಗೆ ಇದನ್ನೂ ಹೇಳು, ವರದಿ ಬರೆದವರಿಗೆ ಶಿಕ್ಷೆಯಾಗದಿದ್ದರೆ ಮಾತ್ರ ನಿಜವಾದ ಅಂಕಿ ಸಿಗುತ್ತದೆ ಎಂದು.


ಪ್ರಶ್ನೆ ಕೇಳಿದವರಿಂದ

ಮೇಡಂ, ನಿಮ್ಮ ಪ್ರಶ್ನೆಯನ್ನು ನಿನ್ನೆ ಪಾಳಿ ಬದಲಾಗುವಾಗ ಎಲ್ಲರ ಮುಂದಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡು ಹೇಳಿದ್ದು ಇದೇ ಮೂರು ತಿಂಗಳಲ್ಲಿ ಇನ್ನೂ ಐದು. ಮೂವರು ಬಾತ್‌ರೂಮಿನ ಬಾಗಿಲಲ್ಲಿ ಜಾರಿ ಕುಳಿತವರು, ಒಬ್ಬರು ಸ್ಟೂಲಿನಿಂದ ಮುಗ್ಗರಿಸಿದವರು, ಒಬ್ಬರು ಯೂರಿನ್ ಕ್ಯಾನ್ ತೆಗೆದುಕೊಳ್ಳಲು ಮಂಚದ ಕೆಳಗೆ ಬಗ್ಗಿದವರು. ಒಂಬತ್ತು ಎಂದು ಹಾಕಿದರೆ ಸಾವಿರಕ್ಕೆ 3.6 ಆಗುತ್ತದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಸಮಿತಿಗೆ ಆ ಅಂಕಿಯನ್ನೇ ಕಳುಹಿಸಲು ಒಪ್ಪಿದ್ದಾರೆ. ಬಾತ್‌ರೂಮಿನ ಹೊಸ್ತಿಲಿಗೆ ಹಳದಿ ಬಣ್ಣ ಬಳಿಸಿ, ಒಳಗೆ ಗೋಡೆಗೆ ಹಿಡಿಕೆ ಹಾಕಿಸಲು ಇಂದು ಪತ್ರ ಬರೆದಿದ್ದೇನೆ.